ಓದುಗರ ಪ್ರಶ್ನೆ: ಯಾವ ವಿಮಾನ, ಯಾರಿಗೆ ಕೆಲಸ?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವಾದ್ದರಿಂದ, ಉಳಿದವನ್ನು ಮುಂದಿನ ಸಲಕ್ಕೆ ಇಟ್ಟುಕೊಂಡು, ವಿಮಾನ ಕಂಪನಿಗಳು ಕೊಳ್ಳುವ ಮಧ್ಯಮ ಗಾತ್ರದ ಜೆಟ್ ವಿಮಾನಗಳಿಗೂ ಪೈಲಟ್ ಕೆಲಸಕ್ಕೂ ಇರುವ ನಂಟಿನ ಬಗ್ಗೆ ಮಾತ್ರ ಉತ್ತರಿಸುತ್ತಿದ್ದೇನೆ. ಮಧ್ಯಮ ಗಾತ್ರ ಎಂದು ನಾನಿಲ್ಲಿ ಹೇಳುವುದು ಸುಮಾರು 70ರಿಂದ 230 ಆಸನಗಳವರೆಗಿನ, ನಡುವೆ ಒಂದೇ ಓಣಿ ಇರುವ ಜೆಟ್‌ಗಳನ್ನು. ಕಾಸರಗೋಡಿನವರು ಗಲ್ಫಿಗೆ ಹೋಗಲು ಬಜ್ಪೆಯಲ್ಲೋ ಕಣ್ಣೂರಿನಲ್ಲೋ ಹತ್ತುವ ಬೋಯಿಂಗ್ 737, ಏರ್‌ಬಸ್ ಎ320 ಇವೆಲ್ಲ ಆ ಗುಂಪಿನವೇ. ಆ ಎರಡೂ ವಿಮಾನಗಳನ್ನು ಇಪ್ಪತ್ತೆರಡು ವರ್ಷ ಹಾರಿಸಿ, ಈಗ ಊರಿಗೆ ಮರಳಿ ನೆಲೆಸಿರುವವನು ನಾನು.

ನನ್ನ ಮಗ ಸಿಪಿಎಲ್ ಮುಗಿಸಿ ಎಂಟು ತಿಂಗಳಾಯಿತು. ಟೈಪ್ ರೇಟಿಂಗ್ ಮಾಡಿಸಿದರೆ ಕೆಲಸ ಬೇಗ ಸಿಗುತ್ತದೆಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಎ320ಕ್ಕೆ ಒಂದು ದರ, ಎಂಬ್ರೇಯರ್‌ಗೆ ಬೇರೆ ದರವಂತೆ. ತರಬೇತಿಗೆಂದು ಅಡಿಕೆ ತೋಟದ ಮೇಲೆ ಸೇವಾ ಸಹಕಾರಿ ಬ್ಯಾಂಕಿನಲ್ಲಿ ಸಾಲ ಮಾಡಿಯಾಗಿದೆ. ಮನೆಯ ಕೆಳಗಿನ ತುಂಡು ಜಾಗವನ್ನೂ ಅಡವಿಡಬೇಕೇ? ಯಾವ ವಿಮಾನವನ್ನು ಆರಿಸಬೇಕು?
— ಒಬ್ಬ ತಾಯಿ, ಬದಿಯಡ್ಕ

ಅಕ್ಕ, ದಯವಿಟ್ಟು ಆ ಜಾಗವನ್ನು ಈಗ ಅಡವಿಡಬೇಡಿ. ಕೆಲಸದ ಪತ್ರ ಕೈಗೆ ಬರುವ ಮೊದಲು ಸ್ವಂತ ಹಣದಲ್ಲಿ ಟೈಪ್ ರೇಟಿಂಗ್ ಮಾಡಿಸುವುದು ಬೇಡವೆಂದೇ ನನ್ನ ಸ್ಪಷ್ಟ ಅಭಿಪ್ರಾಯ. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸಿಪಿಎಲ್ ಎಂದರೆ ಸಂಬಳಕ್ಕೆ ವಿಮಾನ ಹಾರಿಸಲು ಸರಕಾರ ಕೊಡುವ ಪರವಾನಗಿ. ಆದರೆ ಪ್ರಯಾಣಿಕರನ್ನು ಹೊತ್ತೊಯ್ಯುವ ಜೆಟ್ ವಿಮಾನಗಳನ್ನು ಹಾರಿಸಬೇಕಾದರೆ ಆಯಾ ವಿಮಾನದ ಹೆಸರು ಪರವಾನಗಿಯಲ್ಲಿ ಪ್ರತ್ಯೇಕವಾಗಿ ದಾಖಲಾಗಬೇಕು. ಅದೇ ಟೈಪ್ ರೇಟಿಂಗ್. ಎ319, ಎ320, ಎ321 ಇವೆಲ್ಲ ಒಂದೇ ಕುಟುಂಬದವಾದ್ದರಿಂದ ಒಂದೇ ರೇಟಿಂಗ್ ಸಾಕು. 737ರ ಹಳೆಯ 800 ಮಾದರಿಗೂ ಹೊಸ ಮ್ಯಾಕ್ಸ್‌ಗೂ ನಡುವೆ ವ್ಯತ್ಯಾಸಗಳನ್ನು ಕಲಿಸುವ ಸಣ್ಣ ತರಬೇತಿಯಷ್ಟೇ ಇದೆ. ಬ್ರೆಜಿಲಿನ ಕಂಪನಿ ಎಂಬ್ರೇಯರ್‌ನ ಇ170, ಇ175, ಇ190, ಇ195 ಕೂಡ ಒಂದೇ ಕುಟುಂಬ. ಹಾಗಾಗಿ ಯಾವ ವಿಮಾನ ಒಳ್ಳೆಯದು ಎಂಬುದಕ್ಕಿಂತ ಆ ಕುಟುಂಬದ ವಿಮಾನಗಳನ್ನು ದೇಶದಲ್ಲಿ ಎಷ್ಟು ಕಂಪನಿಗಳು ಇಟ್ಟುಕೊಂಡಿವೆ ಎಂಬುದನ್ನು ನೋಡಬೇಕು. ಎ320 ಕುಟುಂಬ ಇಂಡಿಗೋದಲ್ಲಿದೆ, ಏರ್ ಇಂಡಿಯಾದಲ್ಲಿದೆ, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲೂ ಇದೆ. 737 ಏರ್ ಇಂಡಿಯಾ ಎಕ್ಸ್‌ಪ್ರೆಸ್, ಆಕಾಸ, ಸ್ಪೈಸ್‌ಜೆಟ್‌ಗಳಲ್ಲಿದೆ. ಎಂಬ್ರೇಯರ್‌ನ ಇ175 ಇರುವುದು ಮುಖ್ಯವಾಗಿ ಸ್ಟಾರ್ ಏರ್‌ನಲ್ಲಿ.

ಇದರ ಪರಿಣಾಮ ಏನೆಂದು ನಮ್ಮ ನೆರೆಯಲ್ಲೇ ಎರಡು ಸಲ ಕಂಡಿದ್ದೇವೆ. ಚೆನ್ನೈ ಮೂಲದ ಪ್ಯಾರಾಮೌಂಟ್ ಏರ್‌ವೇಸ್ 2005ರಲ್ಲಿ ಎಂಬ್ರೇಯರ್ ವಿಮಾನಗಳೊಂದಿಗೆ ಹಾರಾಟ ಆರಂಭಿಸಿ 2010ರಲ್ಲಿ ನಿಂತಿತು. ವಿಜಯವಾಡದ ಏರ್ ಕೋಸ್ಟಾ 2013ರಲ್ಲಿ ಇ170, ಇ190 ವಿಮಾನಗಳೊಂದಿಗೆ ಬಂದು 2017ರ ಫೆಬ್ರವರಿಯಲ್ಲಿ ನಿಂತಿತು. ವಿಮಾನಗಳಲ್ಲಿ ದೋಷವಿರಲಿಲ್ಲ, ಪ್ರಯಾಣಿಕರು ಅವನ್ನು ಮೆಚ್ಚಿದ್ದರು. ಆದರೆ ಕಂಪನಿ ನಿಂತ ಮರುದಿನ ಆ ರೇಟಿಂಗನ್ನು ಕೇಳುವ ಬೇರೆ ಪ್ರಯಾಣಿಕ ವಿಮಾನ ಸಂಸ್ಥೆ ದೇಶದೊಳಗೆ ಇರಲಿಲ್ಲ. ಗೋ ಫಸ್ಟ್ 2023ರ ಮೇ 3ರಂದು ಹಾರಾಟ ನಿಲ್ಲಿಸಿದಾಗಲೂ ಪೈಲಟ್‌ಗಳು ಬೀದಿಗೆ ಬಿದ್ದರು, ನಿಜ. ಆದರೆ ಅವರ ಕೈಯಲ್ಲಿದ್ದುದು ಎ320 ರೇಟಿಂಗ್ ಆದ್ದರಿಂದ ತಟ್ಟಲು ಬೇರೆ ಬಾಗಿಲುಗಳಿದ್ದವು.

ಹಾಗಾದರೆ ಎ320 ರೇಟಿಂಗನ್ನು ಈಗಲೇ ಮಾಡಿಸಿಬಿಡೋಣ ಎಂದು ನೀವು ಕೇಳಬಹುದು. ಅದಕ್ಕೂ ನನ್ನ ಉತ್ತರ ಬೇಡವೆಂದೇ. ರೇಟಿಂಗ್ ಜೀವಂತವಾಗಿರಬೇಕಾದರೆ ಪೈಲಟ್ ಆರು ತಿಂಗಳಿಗೊಮ್ಮೆ ಪ್ರಾವೀಣ್ಯ ಪರೀಕ್ಷೆ ಕೊಡಬೇಕು. ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಸಲ ಏರಿಸಿ ಮೂರು ಸಲ ಇಳಿಸಿರಬೇಕು. ಕೆಲಸವಿಲ್ಲದವನಿಗೆ ಇದೆಲ್ಲ ಕೈಯಿಂದ ದುಡ್ಡು ಕೊಟ್ಟು ಸಿಮ್ಯುಲೇಟರಿನಲ್ಲಿ ಮಾಡಿಕೊಳ್ಳಬೇಕಾದ ಖರ್ಚು. ನಾನಿದ್ದ ಒಂದು ಕಂಪನಿ ಮುಚ್ಚಿದಾಗ ನನ್ನ ಜೊತೆಗಾರರು ಸಂಬಳವಿಲ್ಲದ ತಿಂಗಳುಗಳಲ್ಲಿ ಆ ದಿನಾಂಕಗಳು ಒಂದೊಂದಾಗಿ ಮುಗಿಯುವುದನ್ನು ನೋಡುತ್ತಾ ಕುಳಿತಿದ್ದರು. ಹದಿನೈದು ವರ್ಷದ ಅನುಭವ ಇದ್ದವರಿಗೇ ಅದು ನುಂಗಲಾರದ ತುತ್ತಾಗಿತ್ತು. ಅಲ್ಲದೆ ದೊಡ್ಡ ಕಂಪನಿಗಳು ಹೊಸಬರಲ್ಲಿ ಗಣನೀಯ ಪಾಲನ್ನು ತಮ್ಮದೇ ಕೆಡೆಟ್ ಯೋಜನೆಗಳ ಮೂಲಕ, ರೇಟಿಂಗನ್ನೂ ಸೇರಿಸಿ, ತಾವೇ ತಯಾರು ಮಾಡಿಕೊಳ್ಳುತ್ತವೆ.

ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುವುದೆಂದರೆ ಏನೆಂದು ಹೇಳಿದರೆ ಏಜೆಂಟರು ತಿಳಿಸದ ಒಂದು ಸಂಗತಿ ನಿಮಗೆ ಅರ್ಥವಾದೀತು. 737ರಲ್ಲಿ ಸ್ವಯಂಚಾಲಿತ ವ್ಯವಸ್ಥೆ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿದಾಗ ನಡುವೆ ಇರುವ ಹಿಡಿಕೆಗಳು ತಾವಾಗಿ ಮುಂದೆ ಚಲಿಸುತ್ತವೆ; ಮೊಣಕಾಲಿನ ಪಕ್ಕದಲ್ಲೇ, ವಿಮಾನದ ಮೂತಿಯ ಏರಿಳಿತವನ್ನು ಹೊಂದಿಸುವ ಟ್ರಿಮ್ ಚಕ್ರ ಕಟಕಟನೆ ತಿರುಗುತ್ತದೆ. ಕಣ್ಣು ಬೇರೆಲ್ಲೋ ಇದ್ದರೂ ವಿಮಾನ ಏನು ಮಾಡುತ್ತಿದೆ ಎಂದು ಅಂಗೈಗೂ ಕಿವಿಗೂ ತಿಳಿಯುತ್ತಿತ್ತು. ಎ320ರಲ್ಲಿ ಆ ಹಿಡಿಕೆಗಳು ಇಟ್ಟಲ್ಲೇ ಇರುತ್ತವೆ, ಚಕ್ರ ಸದ್ದು ಮಾಡುವುದಿಲ್ಲ, ಹಾರಿಸುವ ಕೋಲು ಪಕ್ಕದಲ್ಲಿ ಅಂಗೈಯಷ್ಟೇ ದೊಡ್ಡದು. ನಡುರಾತ್ರಿ ಎರಡು ಗಂಟೆಗೆ ಸಿಕ್ಕ ಸಿಮ್ಯುಲೇಟರ್ ಪಾಳಿಯಲ್ಲಿ, ಹನ್ನೊಂದು ವರ್ಷದ ಅಭ್ಯಾಸವಿದ್ದ ನನ್ನ ಬಲಗೈ ಚಲಿಸದ ಹಿಡಿಕೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿತ್ತು. ಕಲಿಯಬಹುದು, ಕಲಿತೆ. ಆದರೆ ಅದರ ಖರ್ಚನ್ನು ಕೊಟ್ಟದ್ದು ಕಂಪನಿ. ವಿಮಾನ ಬದಲಾಯಿಸುವ ತೀರ್ಮಾನವೂ ಕಂಪನಿಯದೇ ಆಗಿತ್ತು.

ನಿಮ್ಮ ಮಗ ಈಗ ಮಾಡಬೇಕಾದುದು ವೈದ್ಯಕೀಯ ಪ್ರಮಾಣಪತ್ರವನ್ನೂ, ಹೊರಗೆ ಕಾಣದಾಗ ಉಪಕರಣಗಳನ್ನೇ ನೋಡಿ ಹಾರಲು ಬೇಕಾದ ಇನ್‌ಸ್ಟ್ರುಮೆಂಟ್ ರೇಟಿಂಗನ್ನೂ ಅವಧಿ ಮೀರದಂತೆ ಉಳಿಸಿಕೊಳ್ಳುವುದು, ಕಮಾಂಡರ್, ಅಂದರೆ ವಿಮಾನದ ಮುಖ್ಯ ಪೈಲಟ್, ಆಗಲು ಬೇಕಾದ ಎಟಿಪಿಎಲ್ ಎಂಬ ಮೇಲಿನ ಪರವಾನಗಿಯ ಪರೀಕ್ಷೆಯ ವಿಷಯಗಳನ್ನು ಮನೆಯಲ್ಲೇ ಕೂತು ಓದಿಕೊಳ್ಳುವುದು, ಜಾಹೀರಾತು ಬಂದ ಪ್ರತಿ ಕಂಪನಿಗೂ ಅರ್ಜಿ ಹಾಕುವುದು. ಎಂಬ್ರೇಯರ್ ಹಾರಿಸುವ ಕಂಪನಿಯೇ ಕೆಲಸದ ಪತ್ರದೊಂದಿಗೆ ತರಬೇತಿ ಕೊಡುವುದಾದರೆ ಸಂತೋಷದಿಂದ ಹೋಗಲಿ. ಸಣ್ಣ ಕಂಪನಿಯಲ್ಲಿ ಕಮಾಂಡರ್ ಆಗುವ ದಾರಿ ಎಷ್ಟೋ ಸಲ ಹತ್ತಿರದ್ದಾಗಿರುತ್ತದೆ.

ಪತ್ರಿಕೆಗಳಲ್ಲಿ ನೂರಾರು ವಿಮಾನಗಳಿಗೆ ಆರ್ಡರ್, ಸಾವಿರಾರು ಪೈಲಟ್‌ಗಳು ಬೇಕು ಎಂದು ಬರುತ್ತದೆ. ಆದರೆ ನಮ್ಮ ದೊಡ್ಡಪ್ಪನ ಮಗ ಪರವಾನಗಿ ಹಿಡಿದುಕೊಂಡು ಎರಡು ವರ್ಷದಿಂದ ಮನೆಯಲ್ಲಿದ್ದಾನೆ. ಇವೆರಡೂ ಹೇಗೆ ನಿಜವಾಗುತ್ತದೆ?
— ಪ್ಲಸ್ ಟು ವಿದ್ಯಾರ್ಥಿ, ಕುಂಬಳೆ

ಎರಡೂ ನಿಜವೇ. ಮೊದಲು ವಿಮಾನವೊಂದಕ್ಕೆ ಎಷ್ಟು ಪೈಲಟ್‌ಗಳು ಬೇಕೆಂದು ನಾವೇ ಲೆಕ್ಕ ಹಾಕೋಣ. ಎ320ರಂತಹ ವಿಮಾನವನ್ನು ಕಂಪನಿಗಳು ದಿನಕ್ಕೆ ಹನ್ನೆರಡು ಗಂಟೆಯ ಆಸುಪಾಸಿನಲ್ಲಿ ಹಾರಿಸುತ್ತವೆ. ರಿಪೇರಿಯ ದಿನಗಳನ್ನು ಕಳೆದರೆ ವರ್ಷಕ್ಕೆ 4000 ಗಂಟೆ ಎಂದಿಟ್ಟುಕೊಳ್ಳಿ. ಮುಂದೆ ಇಬ್ಬರು ಕೂರಬೇಕಾದ್ದರಿಂದ ಅದು 8000 ಪೈಲಟ್-ಗಂಟೆ. ಒಬ್ಬ ಪೈಲಟ್ ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ ಎಂದು ನಿಯಮವಿದೆ. ರಜೆ, ತರಬೇತಿ, ಪರೀಕ್ಷೆ, ಸ್ಟ್ಯಾಂಡ್‌ಬೈ ಎಲ್ಲ ಕಳೆದು ಕೈಗೆ ಸಿಗುವುದು ಸುಮಾರು 700 ಎಂದುಕೊಂಡರೆ ಒಂದು ವಿಮಾನಕ್ಕೆ ಹನ್ನೊಂದು ಹನ್ನೆರಡು ಮಂದಿ ಬೇಕಾಗುತ್ತದೆ. ಅವರಲ್ಲಿ ಅರ್ಧದಷ್ಟು ಕಮಾಂಡರ್‌ಗಳು, ಅರ್ಧ ಸಹಪೈಲಟ್‌ಗಳು.

ಈ ಲೆಕ್ಕದಲ್ಲಿ ಕಂಪನಿ ಎಡವಿದರೆ ಏನಾಗುತ್ತದೆ ಎಂಬುದನ್ನು 2025ರ ಡಿಸೆಂಬರ್ ಮೊದಲ ವಾರ ಇಡೀ ದೇಶ ನೋಡಿತು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸುವ, ರಾತ್ರಿಯ ಇಳಿಕೆಗಳನ್ನು ಆರರಿಂದ ಎರಡಕ್ಕೆ ಇಳಿಸುವ ನಿಯಮವನ್ನು ವಿಮಾನಯಾನದ ಸರಕಾರಿ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ 2024ರ ಜನವರಿಯಲ್ಲೇ ಪ್ರಕಟಿಸಿತ್ತು. ಅದು 2025ರ ಜುಲೈ 1 ಮತ್ತು ನವೆಂಬರ್ 1ರಂದು ಎರಡು ಹಂತಗಳಲ್ಲಿ ಜಾರಿಗೆ ಬಂತು. ಹೊಸ ಲೆಕ್ಕಕ್ಕೆ ಬೇಕಾದಷ್ಟು ಪೈಲಟ್‌ಗಳಿಲ್ಲದೆ ಇಂಡಿಗೋ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳನ್ನು ರದ್ದು ಮಾಡಿತು. ಸರಕಾರ ಕೆಲವು ನಿಯಮಗಳಿಗೆ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಆಯಾಸಗೊಂಡ ಪೈಲಟ್ ಇಳಿಸುವ ವಿಮಾನದಲ್ಲಿ ನಮ್ಮವರೇ ಕೂತಿರುತ್ತಾರಲ್ಲ. ಆ ನಿಯಮ ಬೇಕಾಗಿಯೇ ಇತ್ತು ಎಂದು ನಾನು ನಂಬುತ್ತೇನೆ.

ಇಷ್ಟೆಲ್ಲ ಬೇಡಿಕೆ ಇದ್ದೂ ನಿನ್ನ ಅಣ್ಣ ಮನೆಯಲ್ಲಿರಲು ಮುಖ್ಯ ಕಾರಣ, ಕೊರತೆ ಇರುವುದು ಹೆಚ್ಚಾಗಿ ಕಮಾಂಡರ್‌ಗಳದ್ದು. 200 ಗಂಟೆ ಹಾರಿ ಪರವಾನಗಿ ಪಡೆದವನು ಕಮಾಂಡರ್ ಆಗಲು ಬೇಕಾದ ಎಟಿಪಿಎಲ್‌ಗೆ ಕನಿಷ್ಠ 1500 ಗಂಟೆ ಹಾರಿರಬೇಕು. ಆ ನಡುವಿನ 1300 ಗಂಟೆಗಳನ್ನು ಸಂಪಾದಿಸಲು ಮೊದಲು ಸಹಪೈಲಟ್‌ನ ಆಸನ ಸಿಗಬೇಕು, ಆ ಆಸನ ತೆರವಾಗಲು ಅದರಲ್ಲಿರುವವರು ಕಮಾಂಡರ್ ಆಗಬೇಕು, ಅವರು ಕಮಾಂಡರ್ ಆಗಲು ಹೊಸ ವಿಮಾನ ಬರಬೇಕು.

ಹೊಸ ವಿಮಾನ ಬರುವುದು ಆರ್ಡರ್ ಕೊಟ್ಟ ದಿನವಲ್ಲ ಎಂಬುದನ್ನು ಪತ್ರಿಕೆಯ ದೊಡ್ಡ ಅಕ್ಷರಗಳು ಹೇಳುವುದಿಲ್ಲ. ಇಂಡಿಗೋ 2023ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ 500 ಎ320 ಕುಟುಂಬದ ವಿಮಾನಗಳಿಗೆ ಆರ್ಡರ್ ಕೊಟ್ಟಾಗಲೇ, ಅವು ಬರುವುದು 2030ರಿಂದ 2035ರ ನಡುವೆ ಎಂದು ತಿಳಿಸಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಏರ್ ಇಂಡಿಯಾ ಪ್ರಕಟಿಸಿದ 470 ವಿಮಾನಗಳದ್ದೂ ವರ್ಷಗಟ್ಟಲೆ ಹಂಚಿಹೋಗುವ ಪಟ್ಟಿ. ಬಂದ ವಿಮಾನವೂ ಹಾರುತ್ತದೆಂಬ ಖಾತ್ರಿಯಿಲ್ಲ. ಪ್ರ್ಯಾಟ್ ಆಂಡ್ ವಿಟ್ನಿ ಎಂಜಿನ್ನುಗಳ ಭಾಗಗಳನ್ನು ಮಾಡಲು ಬಳಸಿದ ಲೋಹದ ಪುಡಿಯಲ್ಲಿ ಕಲ್ಮಶ ಇತ್ತೆಂದು 2023ರ ಜುಲೈಯಲ್ಲಿ ಹೊರಬಿದ್ದ ಮೇಲೆ, ಇಂಡಿಗೋದ ಎಪ್ಪತ್ತಕ್ಕೂ ಹೆಚ್ಚು ವಿಮಾನಗಳು ಒಂದು ಹಂತದಲ್ಲಿ ನೆಲದಲ್ಲೇ ನಿಂತಿದ್ದವು. ಮೇಲಿನ ಲೆಕ್ಕದಲ್ಲಿ ಗುಣಿಸಿ ನೋಡು: ಎಂಟುನೂರು ಪೈಲಟ್‌ಗಳ ಕೆಲಸಕ್ಕೆ ಸಮ. ಅಂತಹ ಹೊತ್ತಿನಲ್ಲಿ ಕಂಪನಿಗಳು ಇದ್ದವರನ್ನು ಬಿಡುವುದಿಲ್ಲ. ಹೊಸಬರನ್ನು ತೆಗೆದುಕೊಳ್ಳುವುದನ್ನು ಮುಂದೂಡುತ್ತವೆ. ಕೆಲವೊಮ್ಮೆ ಹೊರದೇಶದ ವಿಮಾನವನ್ನು ಅದರ ಪೈಲಟ್‌ಗಳ ಸಮೇತ ಗುತ್ತಿಗೆಗೆ ತರಿಸಿಕೊಳ್ಳುವುದೂ ಉಂಟು. ಆಗ ಪ್ರಯಾಣಿಕನಿಗೆ ಆಸನ ಸಿಗುತ್ತದೆ, ಇಲ್ಲಿಯ ಪೈಲಟ್‌ಗೆ ಕೆಲಸ ಸಿಗುವುದಿಲ್ಲ.

ಮಂಗಳೂರು, ಕಣ್ಣೂರಿನಿಂದ ಹೆಚ್ಚಾಗಿ 180 ಆಸನದ ವಿಮಾನಗಳೇ. ನೂರು ಆಸನದ ಸಣ್ಣ ಜೆಟ್‌ಗಳನ್ನು ತಂದರೆ ಹೆಚ್ಚು ಊರುಗಳಿಗೆ ಹಾರಾಟವೂ ನಮ್ಮ ಮಕ್ಕಳಿಗೆ ಹೆಚ್ಚು ಪೈಲಟ್ ಕೆಲಸವೂ ಸಿಗುವುದಿಲ್ಲವೇ?
— ದುಬೈಯಿಂದ ರಜೆಯಲ್ಲಿ ಬಂದಿರುವ ಓದುಗರು, ಮಂಜೇಶ್ವರ

ನಿಮ್ಮ ತರ್ಕ ಸರಿಯಾಗಿಯೇ ಇದೆ, ಆದರೆ ಕಂಪನಿಗಳು ಹಿಂಜರಿಯುವುದೂ ಅದೇ ತರ್ಕದಿಂದ.

ನಮ್ಮ ಬದಿಯ ಒಳರಸ್ತೆಗಳ ಸರ್ವಿಸ್ ಜೀಪನ್ನು ನೆನಪಿಸಿಕೊಳ್ಳಿ. ಹತ್ತು ಜನರ ಜೀಪಿಗೂ ಒಬ್ಬನೇ ಚಾಲಕ, ಐವತ್ತು ಜನರ ಬಸ್ಸಿಗೂ ಒಬ್ಬನೇ ಚಾಲಕ. ವಿಮಾನದಲ್ಲಿ ಗಗನಸಖಿಯರ ಸಂಖ್ಯೆ ಐವತ್ತು ಆಸನಕ್ಕೆ ಒಬ್ಬರಂತೆ ಏರುತ್ತದೆ. ಪೈಲಟ್‌ಗಳು ಮಾತ್ರ 76 ಆಸನದ ಇ175ಕ್ಕೂ ಇಬ್ಬರೇ, 232 ಆಸನದ ಎ321ಕ್ಕೂ ಇಬ್ಬರೇ. ಸುಮಾರು 930 ಜನರನ್ನು ಒಂದು ಊರಿನಿಂದ ಇನ್ನೊಂದಕ್ಕೆ ಒಯ್ಯಲು ಎ321ಕ್ಕೆ ನಾಲ್ಕು ಹಾರಾಟ ಸಾಕು. ಇ175ಕ್ಕಾದರೆ ಹದಿಮೂರು ಬೇಕು. ಪೈಲಟ್‌ಗಳ ಆಸನ ಎಂಟರ ಬದಲು ಇಪ್ಪತ್ತಾರು. ಇದನ್ನು ನಾವು ಉದ್ಯೋಗ ಎನ್ನುತ್ತೇವೆ. ಕಂಪನಿಯ ಲೆಕ್ಕಪತ್ರದಲ್ಲಿ ಅದು ಖರ್ಚು. ಸಣ್ಣ ವಿಮಾನದ ಒಂದು ಹಾರಾಟದ ಖರ್ಚು ಕಡಿಮೆ, ಆದರೆ ಒಂದು ಆಸನದ ಖರ್ಚು ಹೆಚ್ಚು. ಟಿಕೆಟ್ ದರ ಇನ್ನೂರು ರೂಪಾಯಿ ಹೆಚ್ಚಾದರೆ ಬೇರೆ ಕಂಪನಿ ನೋಡುವ ನಮ್ಮ ಮಾರುಕಟ್ಟೆಯಲ್ಲಿ ಆಸನದ ಖರ್ಚೇ ಗೆಲ್ಲುತ್ತದೆ. ಹಾಗಾಗಿ ಕಂಪನಿಗಳು ಎ320ರಿಂದ ಎ321ಕ್ಕೆ, ಅಂದರೆ ದೊಡ್ಡದರ ಕಡೆಗೇ, ಸರಿಯುತ್ತಿವೆ. ಪ್ರಯಾಣಿಕರ ಸಂಖ್ಯೆ ಬೆಳೆದ ವೇಗದಲ್ಲೇ ಪೈಲಟ್ ಕೆಲಸ ಬೆಳೆಯುವುದಿಲ್ಲ ಎಂದು ನಾನು ಹೇಳುವುದು ಇದಕ್ಕಾಗಿ.

ಎರಡನೆಯ ಅಡಚಣೆ ಒಂದೇ ಜಾತಿಯ ವಿಮಾನ ಇಟ್ಟುಕೊಳ್ಳುವ ಅನುಕೂಲದ್ದು. ಇಂಡಿಗೋ 2006ರಲ್ಲಿ ಆರಂಭವಾದಂದಿನಿಂದ 2017ರಲ್ಲಿ ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನ ತರುವವರೆಗೂ ಎ320 ಒಂದನ್ನೇ ಇಟ್ಟುಕೊಂಡಿತ್ತು. ಒಬ್ಬ ಪೈಲಟ್‌ಗೆ ಜ್ವರ ಬಂದರೆ ಸ್ಟ್ಯಾಂಡ್‌ಬೈಯಲ್ಲಿರುವ ಯಾರನ್ನು ಬೇಕಾದರೂ ಕರೆಯಬಹುದು. ಎರಡನೆಯ ಜಾತಿ ಬಂದೊಡನೆ ಸ್ಟ್ಯಾಂಡ್‌ಬೈ ಪಟ್ಟಿ ಎರಡಾಗುತ್ತದೆ, ತರಬೇತುದಾರರು ಎರಡು ಗುಂಪಾಗುತ್ತಾರೆ, ಬಿಡಿಭಾಗಗಳ ಉಗ್ರಾಣ ಎರಡಾಗುತ್ತದೆ.

ಮೂರನೆಯದು ನಮ್ಮ ದೇಶದ ತೆರಿಗೆಯ ಏರ್ಪಾಡು, ಮತ್ತು ಇದನ್ನು ಬಲ್ಲವರು ಕಡಿಮೆ. 40 ಟನ್ನಿಗಿಂತ ಕಡಿಮೆ ತೂಕದ ವಿಮಾನಗಳ ಇಂಧನಕ್ಕೆ ಮಾರಾಟ ತೆರಿಗೆ ಶೇಕಡಾ 4ರ ರಿಯಾಯಿತಿ ದರದಲ್ಲಿದೆ. 80ಕ್ಕಿಂತ ಕಡಿಮೆ ಆಸನದ ವಿಮಾನಗಳಿಗೆ ದೇಶದೊಳಗಿನ ಹಾರಾಟದಲ್ಲಿ ಹಲವು ನಿಲ್ದಾಣಗಳು ಇಳಿಕೆ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ. ಎಟಿಆರ್‌ನಲ್ಲಿ 78 ಆಸನಗಳು, ಸ್ಟಾರ್ ಏರ್‌ನ ಇ175ರಲ್ಲಿ 76 ಆಸನಗಳು ಯಾಕಿವೆ ಎಂದು ಈಗ ಹೊಳೆದಿರಬೇಕು. ನೀವು ಕೇಳಿದ ನೂರು ಆಸನದ ಇ190 ಈ ಎರಡೂ ಗೆರೆಗಳ ಆಚೆಗಿದೆ. ಸಣ್ಣ ವಿಮಾನದ ರಿಯಾಯಿತಿಯೂ ಇಲ್ಲ, ದೊಡ್ಡ ವಿಮಾನದ ಅಗ್ಗದ ಆಸನವೂ ಇಲ್ಲ. ಆ ಗೆರೆಯನ್ನು 80ರಿಂದ 110 ಆಸನದವರೆಗೆ ಏರಿಸಿದರೆ ಕಣ್ಣೂರು, ಮಂಗಳೂರಿನಂತಹ ನಿಲ್ದಾಣಗಳಿಗೂ ಹೊಸ ಪೈಲಟ್‌ಗಳಿಗೂ ನೇರವಾದ ಉಪಕಾರವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗೋ ಫಸ್ಟ್ ನಿಂತಾಗ ಕಣ್ಣೂರು ಒಂದೇ ದಿನದಲ್ಲಿ ಎಷ್ಟು ಹಾರಾಟಗಳನ್ನು ಕಳೆದುಕೊಂಡಿತೆಂದು ನೀವು ಅನುಭವಿಸಿದ್ದೀರಿ. ಅಂತಹ ಜಾಗವನ್ನು ತುಂಬಲು 180 ಆಸನದ ವಿಮಾನವೇ ಬೇಕೆಂದೇನೂ ಇಲ್ಲ.

ಬಜ್ಪೆಯ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಗುಡ್ಡದ ತಲೆಯ ಮೇಲಿನ ಆ ಓಡುದಾರಿಯ ಉದ್ದ 2450 ಮೀಟರ್. 2010ರ ಮೇ 22ರ ಬೆಳಗ್ಗೆ ಅಲ್ಲಿ ವಿಮಾನ ದುರಂತದಲ್ಲಿ 158 ಜನ ತೀರಿಹೋದರು. ಅವರಲ್ಲಿ ನಮ್ಮ ಜಿಲ್ಲೆಯ ಮನೆಗಳವರು ಎಷ್ಟು ಮಂದಿ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲಿಗೆ ಯಾವ ಗಾತ್ರದ ವಿಮಾನ ಬರಬೇಕೆಂಬ ಪ್ರಶ್ನೆ ಬಂದಾಗ ನಾನು ಟಿಕೆಟ್ ದರದ ಮಾತನ್ನು ಎರಡನೆಯದಾಗಿಯೇ ಆಡುತ್ತೇನೆ.

ಅಮೆರಿಕದಲ್ಲಿ ಕಂಪನಿ ಎಷ್ಟು ದೊಡ್ಡ ವಿಮಾನ ಇಟ್ಟುಕೊಳ್ಳಬಹುದೆಂದು ಪೈಲಟ್‌ಗಳ ಸಂಘವೇ ಕಟ್ಟುಪಾಡು ಹಾಕಿದೆಯೆಂದು ಕೇಳಿದ್ದೇನೆ. ಇದು ನಿಜವೇ?
— ನಿವೃತ್ತ ಅಧ್ಯಾಪಕರು, ಉಪ್ಪಳ

ಗುರುಗಳೇ, ನಿಜ. ಅಲ್ಲಿಯ ಡೆಲ್ಟಾ, ಯುನೈಟೆಡ್, ಅಮೆರಿಕನ್ ಎಂಬ ದೊಡ್ಡ ಕಂಪನಿಗಳು ತಮ್ಮ ಹೆಸರಿನಲ್ಲಿ ಸಣ್ಣ ಊರುಗಳಿಗೆ ಹಾರಲು ಕಡಿಮೆ ಸಂಬಳದ ಉಪಕಂಪನಿಗಳನ್ನೂ ಗುತ್ತಿಗೆ ಕಂಪನಿಗಳನ್ನೂ ಬಳಸುತ್ತವೆ. ಹೀಗೆ ಹೊರಗೆ ಕೊಡುವ ಕೆಲಸ ಬೆಳೆದು ತಮ್ಮ ಕೆಲಸವನ್ನೇ ನುಂಗಬಾರದೆಂದು ದೊಡ್ಡ ಕಂಪನಿಗಳ ಪೈಲಟ್‌ಗಳು ತಮ್ಮ ಒಪ್ಪಂದದಲ್ಲಿ ಒಂದು ಷರತ್ತನ್ನು ಬರೆಸಿಕೊಂಡಿದ್ದಾರೆ. ಅಂತಹ ಕಂಪನಿಯ ವಿಮಾನ 76 ಆಸನಗಳನ್ನು ಮೀರುವಂತಿಲ್ಲ, ತೂಕ 86,000 ಪೌಂಡ್, ಅಂದರೆ ಸುಮಾರು 39 ಟನ್ ಮೀರುವಂತಿಲ್ಲ. ಎಂಬ್ರೇಯರ್ ಕಂಪನಿ ಇಂಧನ ಉಳಿಸುವ ಹೊಸ ಎಂಜಿನ್ನಿನ ಇ175-ಇ2 ಎಂಬ ವಿಮಾನವನ್ನು ರೂಪಿಸಿತು. ಎಂಜಿನ್ ಭಾರವಾಗಿ ವಿಮಾನ ಆ ತೂಕದ ಗೆರೆಯನ್ನು ದಾಟಿತು, ಷರತ್ತು ಸಡಿಲವಾಗಲಿಲ್ಲ, ವಿಮಾನದ ಕೆಲಸವನ್ನೇ ಕಂಪನಿ ಮುಂದೂಡಬೇಕಾಯಿತು. ಅಲ್ಲಿ ಇವತ್ತಿಗೂ ಹಳೆಯ ಎಂಜಿನ್ನಿನ ಇ175ನ್ನೇ ಕೊಳ್ಳುತ್ತಿದ್ದಾರೆ.

ತಮಗೆ ಇದರಲ್ಲಿ ಒಂದು ಸಂಗತಿ ಸ್ವಾರಸ್ಯವೆನಿಸಬಹುದು. ಅಲ್ಲಿ 76 ಆಸನ, 39 ಟನ್; ನಮ್ಮಲ್ಲಿ 80 ಆಸನ, 40 ಟನ್. ಒಂದು ಗೆರೆಯನ್ನು ಎಳೆದದ್ದು ಪೈಲಟ್‌ಗಳ ಒಪ್ಪಂದ, ಇನ್ನೊಂದನ್ನು ಎಳೆದದ್ದು ತೆರಿಗೆಯ ಕಾನೂನು. ಆದರೆ ಎರಡೂ ಕಡೆ ಗೆರೆಯೊಳಗೆ ಉಳಿದ ಜೆಟ್ ಅದೇ ಇ175. ನಮ್ಮಲ್ಲಿ ಪೈಲಟ್‌ಗಳಿಗೆ ಅಂತಹ ಒಪ್ಪಂದದ ಬಲ ಇಲ್ಲ. ಯಾವ ವಿಮಾನ ಎಂಬ ತೀರ್ಮಾನದಲ್ಲಿ ಅವರ ಮಾತನ್ನು ಯಾರೂ ಕೇಳುವುದಿಲ್ಲ. ಕೇಳಬೇಕೆಂದು ನನ್ನ ಆಸೆ.

ನಮ್ಮ ಸೊಲ್ಲಾಪುರಕ್ಕೆ ವಿಮಾನ ಬಂತು. ಇನ್ನು ಇಲ್ಲಿಯ ಹುಡುಗರಿಗೆ ಪೈಲಟ್ ಕೆಲಸ ಊರಲ್ಲೇ ಸಿಗುತ್ತದೆಯೇ?
— ಅಕ್ಕಲಕೋಟೆಯ ಓದುಗರು

ಸದ್ಯಕ್ಕೆ ಇಲ್ಲ. ಪೈಲಟ್ ಕೆಲಸ ಇರುವುದು ವಿಮಾನ ಇಳಿಯುವ ಊರಿನಲ್ಲಲ್ಲ, ವಿಮಾನ ರಾತ್ರಿ ತಂಗುವ, ಕಂಪನಿಯ ನೆಲೆ ಇರುವ ಊರಿನಲ್ಲಿ. 2025ರ ಜೂನ್‌ನಲ್ಲಿ ಸೊಲ್ಲಾಪುರಕ್ಕೆ ಹಾರಾಟ ಆರಂಭಿಸಿದ ಫ್ಲೈ91ರ ನೆಲೆ ಗೋವೆಯಲ್ಲಿದೆ. ಅದರ ವಿಮಾನ ಎಟಿಆರ್, ಜೆಟ್ ಅಲ್ಲ. ಆದರೂ ಎಟಿಆರ್‌ನಲ್ಲಿ ಹಾರಿದ ಗಂಟೆಗಳೂ ಎಟಿಪಿಎಲ್‌ನ 1500ಕ್ಕೆ ಸೇರುತ್ತವೆ, ಜೆಟ್‌ಗೆ ಹೋಗುವಾಗ ಅವುಗಳಿಗೆ ಬೆಲೆ ಇದೆ.

ನನ್ನ ಯಜಮಾನರು ಆರು ವರ್ಷದಿಂದ ಎ320ರಲ್ಲಿ ಸಹಪೈಲಟ್. ಅವರ ಕಂಪನಿ ಬೇರೊಂದರ ಜೊತೆ ಸೇರಿದ ಮೇಲೆ ಅವರನ್ನು ಬೇರೆ ವಿಮಾನಕ್ಕೆ ಹಾಕುವ ಮಾತು ನಡೆಯುತ್ತಿದೆ. ಇವರು ಬೇಸರದಿಂದ ಕೆಲಸ ಬಿಡುತ್ತೇನೆನ್ನುತ್ತಾರೆ. ನಾನು ಏನು ಹೇಳಲಿ?
— ಹೆಸರು ಬೇಡ, ಮುಳ್ಳೇರಿಯ

ತಂಗೀ, ಕೋಪ ಇಳಿಯುವವರೆಗೆ ರಾಜೀನಾಮೆ ಪತ್ರ ಬರೆಯಬೇಡಿರೆಂದು ಮೊದಲು ಹೇಳು. 2024ರ ಅಕ್ಟೋಬರ್ 1ರಂದು ಎಐಎಕ್ಸ್ ಕನೆಕ್ಟ್ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ, ನವೆಂಬರ್ 12ರಂದು ವಿಸ್ತಾರ ಏರ್ ಇಂಡಿಯಾದಲ್ಲಿ ವಿಲೀನವಾದವು. ವಿಲೀನವಾದಾಗ ವಿಮಾನಗಳನ್ನು ಹೊಂದಿಸುವುದು ಸುಲಭ, ಜ್ಯೇಷ್ಠತೆಯ ಪಟ್ಟಿಗಳನ್ನು ಹೊಂದಿಸುವುದು ಕಷ್ಟ. ಯಾವ ವಿಮಾನ ಎಂಬುದಕ್ಕಿಂತ ಆ ಪಟ್ಟಿಯಲ್ಲಿ ಎಷ್ಟನೆಯ ಹೆಸರು ಎಂಬುದೇ ನಿನ್ನ ಯಜಮಾನರು ಎಂದು ಕಮಾಂಡರ್ ಆಗುತ್ತಾರೆಂದು ತೀರ್ಮಾನಿಸುತ್ತದೆ. ಆರು ವರ್ಷದ ಸೇವೆ ಹೊಸ ಪಟ್ಟಿಯಲ್ಲಿ ಪೂರ್ತಿಯಾಗಿ ಎಣಿಕೆಯಾಗಿದೆಯೇ, ಹೊಸ ವಿಮಾನದ ತರಬೇತಿಗೆ ಬಾಂಡ್ ಬರೆಸಿಕೊಳ್ಳುತ್ತಾರೆಯೇ, ಬರೆಸಿಕೊಂಡರೆ ಎಷ್ಟು ವರ್ಷಕ್ಕೆ, ತರಬೇತಿಯ ತಿಂಗಳುಗಳಲ್ಲಿ ಹಾರಾಟದ ಭತ್ಯೆ ಕಡಿತವಾಗುತ್ತದೆಯೇ, ಈ ನಾಲ್ಕಕ್ಕೂ ಲಿಖಿತ ಉತ್ತರ ತೆಗೆದುಕೊಳ್ಳಲಿ. ಬಾಯಿಮಾತಿನ ಭರವಸೆಯನ್ನು ನಂಬಿ ನಾನು ಒಮ್ಮೆ ಎರಡು ವರ್ಷದ ಜ್ಯೇಷ್ಠತೆ ಕಳೆದುಕೊಂಡಿದ್ದೇನೆ.

ಬಿಡುವುದೇ ಆದರೂ ನಾಳೆ ಬಿಟ್ಟು ನಾಡಿದ್ದು ಬೇರೆ ಕಂಪನಿ ಸೇರಲು ಆಗುವುದಿಲ್ಲ. 2017ರ ಡಿಜಿಸಿಎ ನಿಯಮದಂತೆ ಸಹಪೈಲಟ್ ಆರು ತಿಂಗಳು, ಕಮಾಂಡರ್ ಒಂದು ವರ್ಷ ಮುಂಚಿತವಾಗಿ ತಿಳಿಸಬೇಕು. ಹೊಸ ವಿಮಾನ 737 ಆಗಿದ್ದರೆ ನಷ್ಟವೇನೂ ಇಲ್ಲ; ಎರಡೂ ಕುಟುಂಬಗಳ ಅನುಭವ ಇರುವ ಪೈಲಟ್‌ಗೆ ಮುಂದೆ ಬಾಗಿಲುಗಳು ಹೆಚ್ಚೇ. ದೇಶದಲ್ಲಿ ಒಂದೇ ಕಂಪನಿ ಇಟ್ಟುಕೊಂಡಿರುವ ವಿಮಾನವಾದರೆ, ಬದಿಯಡ್ಕದ ಅಕ್ಕನಿಗೆ ಮೇಲೆ ಬರೆದದ್ದನ್ನು ಅವರಿಗೂ ಓದಿ ಹೇಳು.

ನಾನು ಹತ್ತನೇ ತರಗತಿ, ಕನ್ನಡ ಮಾಧ್ಯಮ. ನಾನು ಪೈಲಟ್ ಆಗುವಾಗ ಯಾವ ವಿಮಾನ ಇರುತ್ತದೆ? ಬೆಂಗಳೂರಿನ ಎಚ್ಎಎಲ್ ಜೆಟ್ ವಿಮಾನ ಮಾಡುತ್ತದೆಂದು ಅಪ್ಪ ಹೇಳಿದರು.
— ವಿದ್ಯಾರ್ಥಿನಿ, ಪೆರ್ಲ

ಮಗಳೇ, ಅಪ್ಪ ಹೇಳಿದ್ದು 2025ರ ಅಕ್ಟೋಬರ್ 27ರಂದು ಮಾಸ್ಕೋದಲ್ಲಿ ಎಚ್ಎಎಲ್ ಮತ್ತು ರಷ್ಯಾದ ಸಂಸ್ಥೆಯೊಂದರ ನಡುವೆ ಆದ ಎಸ್‌ಜೆ-100 ವಿಮಾನದ ಒಡಂಬಡಿಕೆಯನ್ನು. ಅದು ನೂರರ ಆಸುಪಾಸಿನ ಆಸನದ ಜೆಟ್. ಎಚ್ಎಎಲ್ ಹಿಂದೆ ಆವ್ರೋ ಪ್ರಯಾಣಿಕ ವಿಮಾನವನ್ನು 1961ರಿಂದ 1988ರವರೆಗೆ ಮಾಡಿತ್ತು. ಮತ್ತೆ ಮಾಡಿದರೆ ನನಗೂ ತುಂಬ ಸಂತೋಷ. ಆದರೆ ಒಡಂಬಡಿಕೆಗೆ ಸಹಿ ಬಿದ್ದ ಮೇಲೆ ವಿಮಾನ ಹಾರಲು ಬಹಳ ವರ್ಷ ಹಿಡಿಯುತ್ತದೆ. ನೀನು ಪ್ಲಸ್ ಟು ಮುಗಿಸಿ, ತರಬೇತಿ ಮುಗಿಸಿ, ಮೊದಲ ಕೆಲಸ ಹುಡುಕುವಾಗ ಈ ದೇಶದಲ್ಲಿ ಹೆಚ್ಚು ಇರುವುದು ಈಗ ಆರ್ಡರ್ ಪುಸ್ತಕದಲ್ಲಿರುವ ಎ320 ಕುಟುಂಬ ಮತ್ತು 737 ಮ್ಯಾಕ್ಸ್‌ಗಳೇ.

ಕನ್ನಡ ಮಾಧ್ಯಮ ಅಡ್ಡಿಯಲ್ಲ. ನಾನೂ ಏಳನೇ ತರಗತಿಯವರೆಗೆ ಕನ್ನಡದಲ್ಲೇ ಓದಿದವನು. ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ಗಣಿತ ತೆಗೆದುಕೋ; ಇಂಗ್ಲಿಷಿನಲ್ಲಿ ಸಂಖ್ಯೆಗಳನ್ನೂ ದಿಕ್ಕುಗಳನ್ನೂ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡು, ರೇಡಿಯೋದಲ್ಲಿ ಹೆಚ್ಚಾಗಿ ಆಡುವುದು ಅವನ್ನೇ. ತರಬೇತಿ ಶಾಲೆಗೆ ಒಂದು ರೂಪಾಯಿ ಕಟ್ಟುವ ಮೊದಲು ಡಿಜಿಸಿಎ ಒಪ್ಪಿದ ವೈದ್ಯರಲ್ಲಿ ಎರಡನೇ ದರ್ಜೆಯ ವೈದ್ಯಕೀಯ ಪರೀಕ್ಷೆಯನ್ನೂ, ಅದು ಸರಿಯಾದ ಮೇಲೆ ಒಂದನೇ ದರ್ಜೆಯದನ್ನೂ ಮಾಡಿಸಿಕೋ. ಸಿಪಿಎಲ್ ಮುಗಿಸಿದ ಮೇಲೆ ಕಣ್ಣಿನದೋ ಹೃದಯದ್ದೋ ತೊಂದರೆ ಗೊತ್ತಾಗಿ ನಿಂತ ಮಕ್ಕಳನ್ನು ನಾನು ನೋಡಿದ್ದೇನೆ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ನನಗೆ ಇನ್ನೊಂದು ಪತ್ರ ಬರೆ. ಆಗ ಯಾವ ಕಂಪನಿ ಯಾವ ವಿಮಾನ ತರಿಸಿಕೊಳ್ಳುತ್ತಿದೆ ಎಂದು ನೋಡಿ ಮುಂದಿನದನ್ನು ಹೇಳುತ್ತೇನೆ.